ನವನೀತಾ ಮುಟ್ಟದ ಕೀಲಿಮಣೆ

ತೆಲಂಗಾಣದ ನಾರಾಯಣಪೇಟೆ ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ಕೇಂದ್ರದ ಬಾಗಿಲು ಬೆಳಿಗ್ಗೆ ಐದೂವರೆಗೇ ತೆರೆಯುತ್ತದೆ. ನವನೀತಾ ಕಸ ಗುಡಿಸಿ, ಹನ್ನೆರಡು ಕಂಪ್ಯೂಟರುಗಳಲ್ಲಿ ಕೆಟ್ಟಿಲ್ಲದ ಒಂಬತ್ತನ್ನು ಚಾಲೂ ಮಾಡುತ್ತಾರೆ. ಅವರು ಇಲ್ಲಿ ಲ್ಯಾಬ್ ಸಹಾಯಕಿ. ಪಾಠ ಹೇಳುವುದು ಅವರ ಕೆಲಸದಲ್ಲಿ ಸೇರಿಲ್ಲ.

ಹತ್ತಿರದ ಮದ್ದೂರಿನ ಭಾಗ್ಯಜ್ಯೋತಿಗೆ ಇಂದು ಮಹಬೂಬ್‌ನಗರದಲ್ಲಿ ಜಾವಾ ಪ್ರಾಯೋಗಿಕ ಪರೀಕ್ಷೆ. ಹೋದ ಸಲ ಇದರಲ್ಲೇ ಫೇಲಾದವಳು. ಈ ಸಲವೂ ಹೋದರೆ ಡಿಪ್ಲೊಮಾ ಒಂದು ವರ್ಷ ಮುಂದಕ್ಕೆ. ಏಳಕ್ಕೆ ಬಸ್ಸು, ಕೇಂದ್ರದಲ್ಲಿ ಕುಳಿತು ಅಭ್ಯಾಸಕ್ಕೆ ಬರೆದ ಪ್ರೋಗ್ರಾಂ ಮಾತ್ರ ಓಡುತ್ತಿಲ್ಲ. ಅವಳು ಬರೆದಿರುವುದು 'ಪಟ್ಟಿ' ಎಂಬ ಕ್ಲಾಸು, ಅಂದರೆ ಪ್ರೋಗ್ರಾಮಿನ ಒಂದು ಅಚ್ಚು. ಅದರಲ್ಲಿ ಇಡುವ ವಸ್ತು ಯಾವ ಬಗೆಯದು ಎಂಬುದಕ್ಕೆ 'ಟಿ' ಎಂಬ ಗುರುತು. ಒಳಗೆ 'ಕೊಂಡಿ' ಎಂಬ ಇನ್ನೊಂದು ಕ್ಲಾಸು. ಅದಕ್ಕೂ ಹೊಸದಾಗಿ 'ಟಿ' ಘೋಷಿಸಿದ್ದಾಳೆ. ಹೆಸರು ಒಂದೇ ಆದರೂ ಕಂಪ್ಯೂಟರಿಗೆ ಅವು ಎರಡು ಬೇರೆ ಟಿ; ಟಿ ಎಂಬುದು ಟಿ ಆಗಲಾರದು ಎನ್ನುತ್ತಿದೆ ಪರದೆ.

"ಅಕ್ಕಾರ, ನೀವ ಒತ್ತಿಬಿಡ್ರಿ. ಬಸ್ಸು ಹೋಗತೈತ್ರೀ!"

ನವನೀತಾ ಕೈ ಕಟ್ಟಿ ನಿಲ್ಲುತ್ತಾರೆ. "ನಾ ಒತ್ತಿದ್ರ ಪರೀಕ್ಷಾ ಬರಿಯಾಕೂ ನಾನ ಬರಬೇಕಾಗತೈತಿ. ಹೇಳು, ನಿಮ್ಮವ್ವ ಮಗ್ಗಕ್ಕ ಉದ್ದಕ್ಕ ಹತ್ತಿ ಎಳಿ ಹಾಸು ಕಟ್ಟ್ಯಾಳ. ಅಡ್ಡ ಎಳಿ ನೇಯಾಕ ಲಾಳಿ ಹಿಡದು ಕುಂತಾಗ ಇನ್ನೊಂದು ಹಾಸು ಕಟ್ಟತಾಳೇನು?"

"ಇಲ್ರೀ. ಕಟ್ಟಿದ್ದರಾಗ ನೇಯತಾಳ."

"ಮತ್ತ ನೀ?"

ಹುಡುಗಿ ಪರದೆಯನ್ನೇ ನೋಡುತ್ತಾಳೆ. ಒಳಗಿನ ಕ್ಲಾಸಿನ ಮುಂದೆ ಬರೆದ ಟಿಯನ್ನು ಅಳಿಸುತ್ತಾಳೆ. ಕೊಂಡಿ ಈಗ ಹೊರಗಿನ ಟಿಯನ್ನೇ ಬಳಸುತ್ತದೆ. ಪ್ರೋಗ್ರಾಂ ಓಡುತ್ತದೆ, ಬ್ಯಾಗು ಎತ್ತಿಕೊಂಡು ಅವಳೂ ಓಡುತ್ತಾಳೆ.

ತಂದೆ ಭೀಮಯ್ಯನವರ ಕಣ್ಣು ಮಂಜಾದಾಗ ನವನೀತಾ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಮಗ್ಗಕ್ಕೆ ಕುಳಿತರು. ಈಗಲೂ ಸಂಜೆ ನೇಯುತ್ತಾರೆ. ಉಳಿದದ್ದನ್ನು ಕಲಿತದ್ದು ಇದೇ ಕೋಣೆಯಲ್ಲಿ. "ಕೇಂದ್ರ ನಡಸೋ ಶ್ರೀನಿವಾಸುಲು ಸರ್ ಇದರ ಕೀಲಿ ನನ್ನ ಕೈಯಾಗ ಇಟ್ಟ್ರು. ಯಾಕ ಬೇಗ ಬರತಿ ಅಂತ ಒಂದಿನಾನೂ ಕೇಳಲಿಲ್ರೀ. ಆ ಋಣ ಹೆಂಗ ಮರೀಲಿ?" ಎನ್ನುತ್ತಾರೆ. ಕೇಂದ್ರದ ಸಮಯಕ್ಕೆ ಮುಂಚೆ ಮಕ್ಕಳಿಗೆ ಕೊಡುವ ಬೆಳಗಿನ ಎರಡು ತಾಸಿಗೆ ಅವರು ಏನನ್ನೂ ತೆಗೆದುಕೊಳ್ಳುವುದಿಲ್ಲ.

ಸಂಜೆ ಮಗ್ಗದ ಬಳಿ ಫೋನು ರಿಂಗಾಗುತ್ತದೆ. ನವನೀತಾ ಭಾಗ್ಯಜ್ಯೋತಿಯ ಮಾತು ಕೇಳಿಸಿಕೊಂಡು, ನಗುತ್ತಾ ಕೆಳಗಿಡುತ್ತಾರೆ.

"ಪಾಸಾಗತಾಳ್ರೀ. ಅಲ್ಲಿ ಕೊಟ್ಟ ಪ್ರೋಗ್ರಾಂನಾಗೂ ಇದ ತಪ್ಪಿತ್ತಂತ. ಯಾರು ಕಲಿಸಿದ್ರು ಅಂತ ಪರೀಕ್ಷಕರು ಕೇಳಿದ್ರ, 'ನಾನ ಕಂಡುಹಿಡದೆ' ಅಂದಳಂತ. ಈಗ 'ತಪ್ಪಾತ್ರೀ ಅಕ್ಕಾರ, ನಿಮ್ಮ ಹೆಸರು ಹೇಳಲಿಲ್ಲ' ಅಂತ ಅಳತಾಳ, ಹುಚ್ಚಿ." ಲಾಳಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ. "ಖರೇನ ಹೇಳ್ಯಾಳ. ಆ ಟಿ ಅಳಿಸಿದ ಕೈ ಆಕೀದ."