ಬಲಗಡೆಯ ಗುಂಯ್

ಗ್ಯಾರೇಜಿನ ಬೋರ್ಡಿನ ಮೇಲೆ ಏನೇ ಬರೆದಿರಲಿ, ಊರಿಗೆಲ್ಲ ಅವನು ಕಿವಿಯಣ್ಣ. ಗಾಡಿ ಸದ್ದು ಮಾಡಿದರೆ ಬೇರೆ ಮೆಕ್ಯಾನಿಕ್‌ಗಳು ಮೊದಲು ಸ್ಪ್ಯಾನರ್ ಹುಡುಕುತ್ತಿದ್ದರು. ಇವನು ನಡುವಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, "ಹ್ಞೂಂ, ಹೊರಡಿ" ಎನ್ನುತ್ತಿದ್ದ. ಒಂದು ಸುತ್ತು ಮುಗಿಯುವುದರೊಳಗೆ ಯಾವ ಚಕ್ರ, ಅದರಲ್ಲಿ ಯಾವ ಭಾಗ ಎಂದು ಹೇಳಿಬಿಡುತ್ತಿದ್ದ. ಬಿಡಿಭಾಗಗಳ ಕೌಂಟರಿನಲ್ಲಿ ಕೂರುವ ಹೆಂಡತಿ ಅವನು ಗಾಡಿಯಿಂದ ಇಳಿಯುವ ಮೊದಲೇ ಡಬ್ಬಿಗೆ ಕೈ ಹಾಕಿರುತ್ತಿದ್ದಳು.

ಶಾಲೆಯ ವ್ಯಾನು ಓಡಿಸುವ ತಂಗಿ ಒಂದು ಬೆಳಿಗ್ಗೆ ಮಕ್ಕಳನ್ನು ಇಳಿಸಿ ನೇರ ಇಲ್ಲಿಗೇ ಬಂದಳು.

"ಅಣ್ಣಾ, ಸ್ಪೀಡು ಏರಿದ ಹಾಗೆ ಗುಂಯ್ ಅನ್ನುತ್ತೆ. ಒಳಗೆ ದುಂಬಿ ಸಾಕಿದ ಹಾಗಿದೆ."

ಕಿವಿಯಣ್ಣ ಕ್ರಮ ತಪ್ಪಲಿಲ್ಲ. ಓಡುವಾಗಲೇ ಗೇರನ್ನು ನ್ಯೂಟ್ರಲ್‌ಗೆ ತರಿಸಿದ. ಗುಂಯ್ ನಿಲ್ಲಲಿಲ್ಲ, ಹಾಗಾದರೆ ಇಂಜಿನ್ನಿನದಲ್ಲ. ಹಿಂದಿನ ಟೈರುಗಳನ್ನು ಮುಂದಕ್ಕೆ ಹಾಕಿಸಿ ನೋಡಿದ. ಸದ್ದು ಜಾಗ ಬಿಡಲಿಲ್ಲ, ಹಾಗಾದರೆ ಟೈರಿನದೂ ಅಲ್ಲ. ಕೊನೆಗೆ ಕಣ್ಣು ಮುಚ್ಚಿ ಕೂತು ತೀರ್ಪು ಕೊಟ್ಟ: "ಹಿಂದಿನ ಬಲಗಡೆ ಬೇರಿಂಗ್."

ಹೊಸ ಬೇರಿಂಗ್ ಹಾಕಿದ್ದಾಯಿತು. ತಂಗಿ ಒಂದು ಸುತ್ತು ಹೋಗಿ ಬಂದು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ದುಂಬಿಗೆ ನೀನು ಮನೆ ರಿಪೇರಿ ಮಾಡಿಕೊಟ್ಟೆ ಅಷ್ಟೇ ಅಣ್ಣಾ. ಇನ್ನೂ ಆರಾಮಾಗಿ ಹಾಡ್ತಿದೆ."

ಅವನು ನಕ್ಕ. ಬಿಚ್ಚಿಟ್ಟಿದ್ದ ಹಳೆಯ ಬೇರಿಂಗನ್ನು ಈಗ ಬೆರಳಲ್ಲಿ ತಿರುಗಿಸಿದ. ಬೆಣ್ಣೆಯ ಹಾಗೆ ತಿರುಗಿತು. ಕಿವಿ ಹೇಳಿದ ಮೇಲೆ ಕೈಯನ್ನೇಕೆ ಕೇಳಬೇಕೆಂದು ಅವನು ಅದನ್ನು ಮೊದಲೇ ಪರೀಕ್ಷಿಸಿರಲಿಲ್ಲ. ಕಿವಿಯೇ ಕೈಕೊಟ್ಟರೆ ಈ ಗ್ಯಾರೇಜಿನಲ್ಲಿ ತನ್ನ ಕೆಲಸವೇನು?

ಊಟಕ್ಕೆ ಕೂತಾಗಲೂ ಅದೇ ಯೋಚನೆ. ಹೆಂಡತಿ ಎದ್ದು ಈಚೆ ಬದಿಗೆ ಬಂದು ಲೋಟ ಕುಕ್ಕಿದಳು.

"ಚಕ್ರ ಗೊಣಗಿದರೆ ಕೇಳುತ್ತೆ, ಹೆಂಡತಿ ಗೊಣಗಿದರೆ ಮಾತ್ರ ಕೇಳಲ್ಲ! ನೀರು ಬೇಕಾ ಅಂತ ಎಷ್ಟು ಸಲ ಕೇಳೋದು?"

"ಯಾವಾಗ ಕೇಳಿದೆ?"

"ಈಗ ತಾನೇ, ಆ ಕಡೆ ಕೂತು..." ಅವಳು ತಟ್ಟನೆ ನಿಲ್ಲಿಸಿದಳು. ತಾನು ಕೂತಿದ್ದ ಎಡಬದಿಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು. "ರೀ, ಬೇಜಾರು ಮಾಡ್ಕೋಬೇಡಿ. ಈಚೆಗೆ ನಿಮ್ಮ ಬಾಯಲ್ಲಿ ಬರೀ ಬಲಗಡೆ. ಟ್ಯಾಕ್ಸಿಗೂ ಬಲಗಡೆ, ಹಾಲಿನ ಗಾಡಿಗೂ ಬಲಗಡೆ. 'ಇರಲಿ, ಎರಡೂ ಕಡೆ ಹೊಸದು ಹಾಕಿಬಿಡಿ' ಅಂತ ಆ ಗಾಡಿಯವರಂದ್ರು, ಬಚಾವಾದಿರಿ. ಊರಿನ ಗಾಡಿಗಳಿಗೆಲ್ಲ ಎಡಗಾಲು ಅಷ್ಟು ಗಟ್ಟೀನಾ?"

"ನನ್ನ ಕಿವಿ ಮೇಲೇ ಅನುಮಾನಾನಾ?"

"ಅನುಮಾನ ಯಾಕೆ? ಪರೀಕ್ಷೆ ಮಾಡಿಬಿಡೋಣ. ಸೀಟಲ್ಲಿ ಉಲ್ಟಾ ಕೂತ್ಕೊಳ್ಳಿ."

ಮಧ್ಯಾಹ್ನ ಕಿವಿಯಣ್ಣ ವ್ಯಾನಿನ ಸೀಟಿನ ಮೇಲೆ ಮಂಡಿಯೂರಿ, ಬೆನ್ನೊರಗನ್ನು ತಬ್ಬಿಕೊಂಡು, ಹಿಂದಿನ ಗಾಜಿಗೆ ಮುಖ ಮಾಡಿದ. ಹಿಂದೆ ಬರುತ್ತಿದ್ದ ಸ್ಕೂಟರಿನವನು ತನ್ನನ್ನೇ ನೋಡುತ್ತಿದ್ದಾನೆ ಎಂದುಕೊಂಡು ಕೈ ಬೀಸಿದ. ಕಿವಿಯಣ್ಣನ ಗಮನ ಅತ್ತ ಇರಲಿಲ್ಲ. ಗುಂಯ್ ಈಗಲೂ ಅವನ ಬಲಕ್ಕೇ ಇತ್ತು. ಅವನ ಬಲವೆಂದರೆ ಈಗ ವ್ಯಾನಿನ ಎಡ. ಸದ್ದು ಚಕ್ರವನ್ನು ಬಿಟ್ಟು ಅವನ ಬಲಗಿವಿಯನ್ನು ಹಿಡಿದುಕೊಂಡಿತ್ತು.

"ಯಾವ ಕಡೆ ಅಣ್ಣಾ?" ತಂಗಿ ಕೇಳಿದಳು.

ಅವನು ಬಲಗಿವಿಯನ್ನು ಅಂಗೈಯಿಂದ ಮುಚ್ಚಿದ, ಗುಂಯ್ ಮಾಯ. "ಎಡಗಿವಿ ರಜೆ ಹಾಕಿದೆ ಕಣಮ್ಮಾ. ನನಗೂ ಹೇಳಿರಲಿಲ್ಲ."

 ಪಕ್ಕದಲ್ಲಿ ಕೂತಿದ್ದ ಹೆಂಡತಿ, "ಹಾಗಾದರೆ ಇಷ್ಟು ದಿನ ನಾನು ಬೈದಿದ್ದರಲ್ಲಿ ಅರ್ಧ ದಂಡ!" ಎಂದಳು. ಮೂವರಿಗೂ ನಗು ತಡೆಯಲಾಗಲಿಲ್ಲ.

ಬಯಲಿಗೆ ಹೋಗಿ ಹಾವಿನ ಹಾಗೆ ಓಡಿಸಲು ಅವನು ತಂಗಿಗೆ ಹೇಳಿದ. ಬಲಕ್ಕೆ ತಿರುಗಿದಾಗ ಗುಂಯ್ ಏರಿತು, ಎಡಕ್ಕೆ ತಿರುಗಿದಾಗ ಇಳಿಯಿತು. ಗಾಡಿ ಬಲಕ್ಕೆ ತಿರುಗುವಾಗ ಭಾರವೆಲ್ಲ ಎಡಚಕ್ರಗಳ ಮೇಲೆ ಬೀಳುತ್ತದೆ. ಭಾರ ಬಿದ್ದಾಗ ನರಳುವವನೇ ಕಳ್ಳ. ಏರಿಳಿತ ಗುರುತಿಸಲು ಒಂದೇ ಕಿವಿ ಸಾಕಾಯಿತು.

ಗ್ಯಾರೇಜಿನಲ್ಲಿ ವ್ಯಾನನ್ನು ಜ್ಯಾಕ್ ಮೇಲೆ ಎತ್ತಿ, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದನ್ನು ಅದರ ಪಕ್ಕದ ಸ್ಪ್ರಿಂಗಿನ ಮೇಲಿಟ್ಟ. ಮುಂದಿನ ಎಡಚಕ್ರದಲ್ಲಿ ಏನೂ ಇಲ್ಲ. ಹಿಂದಿನದರಲ್ಲಿ ಮರಳು ಅರೆದಂಥ ಸಣ್ಣ ನಡುಕ ಅಂಗೈಗೆ ಹತ್ತಿತು. "ಸಿಕ್ಕಿಬಿದ್ದ!" ಎಂದು ಕೂಗಿದ.

ಅದನ್ನು ಬದಲಿಸಿದ ಮೇಲೆ ವ್ಯಾನು ತುಟಿ ಪಿಟಕ್ಕೆನ್ನಲಿಲ್ಲ.

"ಬಲಗಡೆಯದು ಚೆನ್ನಾಗೇ ಇತ್ತು, ತಪ್ಪು ನನ್ನದು," ಎಂದ ಅವನು.

"ಬಿಡಣ್ಣಾ, ಒಂದು ಕಾಲಿಗಷ್ಟೇ ಹೊಸ ಚಪ್ಪಲಿ ಯಾರಾದರೂ ಹಾಕ್ತಾರಾ?" ಎಂದು ತಂಗಿ ಮಕ್ಕಳನ್ನು ಕರೆತರಲು ಹೊರಟಳು.

ಎಡಗಿವಿಯ ಶಕ್ತಿ ಮರಳಿ ಬರುವಂಥದ್ದಲ್ಲ, ಗ್ರೈಂಡಿಂಗ್ ಮೆಷಿನ್ನಿನ ಹತ್ತಿರ ಉಳಿದ ಕಿವಿಯನ್ನಾದರೂ ಮುಚ್ಚಿಕೊಳ್ಳಿ ಎಂದರು ಡಾಕ್ಟರು. ಎರಡು ದಿನ ಕಿವಿಯಣ್ಣ ಮಂಕಾಗಿದ್ದ. ಮೂರನೆಯ ದಿನ ಒಬ್ಬರು ಗುಂಯ್‌ಗುಡುವ ಕಾರು ತಂದಾಗ, ಹೆಂಡತಿ ಕೌಂಟರಿಗೆ ಬೀಗ ಹಾಕಿ, ಸೆರಗು ಸಿಕ್ಕಿಸಿ, ಕಾರಿನಲ್ಲಿ ಅವನ ಎಡಕ್ಕೆ ಕೂತಳು.

ಈಗ ಗಾಡಿ ನೋಡಲು ಇಬ್ಬರೂ ಹೋಗುತ್ತಾರೆ. ಕಣ್ಣು ಮುಚ್ಚಿ ಕೇಳಿ, ಒಟ್ಟಿಗೆ ಬೆರಳು ತೋರಿಸುತ್ತಾರೆ. ಬೆರಳುಗಳು ಒಂದೇ ಕಡೆ ಇದ್ದರೂ ಅವನು ಜ್ಯಾಕ್ ಹಾಕಿ ಸ್ಪ್ರಿಂಗ್ ಮುಟ್ಟದೆ ಬೇರಿಂಗ್ ಬಿಚ್ಚುವುದಿಲ್ಲ. ಬೇರೆ ಬೇರೆ ಕಡೆ ಇದ್ದರೆ ಗಾಡಿಯ ಯಜಮಾನರು ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ. ಮೊದಲು ಗಂಡ-ಹೆಂಡತಿಯ ಜಗಳ ಮುಗಿಯಬೇಕಲ್ಲ.