ಅಕ್ಕಸಾಲಿಯ ಹಸಿರು ನೀರು

ಅಕ್ಕಿಹೆಬ್ಬಾಳಿನಲ್ಲಿ ರೈಲು ತಡವೆಂದು ನಿಲ್ದಾಣದ ಪಕ್ಕದ ಅಕ್ಕಸಾಲಿಯ ಜಗಲಿಯಲ್ಲಿ ಕೂತೆ. ಮೈಸೂರಿನ ವ್ಯಾಪಾರಿಯೊಬ್ಬ ತಂದುಕೊಡುವ ಹಳೇ ಮೊಬೈಲುಗಳ ಬೋರ್ಡನ್ನು ಆತ ಆಸಿಡ್ಡಿನಲ್ಲಿ ಕರಗಿಸಿ ಚಿನ್ನ ತೆಗೆಯುತ್ತಾನೆ. ಉಳಿದ ಹಸಿರು ನೀರಿನ ಡ್ರಮ್ಮು ಬಿರುಕು ಬಿಟ್ಟು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.

"ಚಿನ್ನಕ್ಕಾದ್ರೆ ಓಡ್ಬತ್ತಾನೆ. ಈ ನೀರ್ ತಕ್ಕೊಂಡೋಗು ಅಂದ್ರೆ ಫೋನೇ ಎತ್ತಕಿಲ್ಲ ಕಣಣ್ಣ," ಎಂದ.

ಅವನ ಮನೆಮಂದಿಯೆಲ್ಲ ಪಕ್ಕದೂರಿಗೆ ಅವನ ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದರು.

"ನೀವು ಹೋಗಲಿಲ್ಲವೇ?" ಎಂದೆ.

"ಬಕೆಟ್ಟು ತುಂಬ್ಬುಟ್ರೆ ಸೀದಾ ಒಳೆ ನೀರ್ಗೋಯ್ತದೆ. ನಮ್ಮಪ್ಪ ಕೈ ತೊಳ್ದ ನೀರ್ನೂ ಚೆಲ್ತಿರ್ನಿಲ್ಲ, ಚೂರು ಚಿನ್ನ ಇರ್ತದೆ ಅಂತ. ನಾನು ವಿಸ ಐತೆ ಅಂತ ಚೆಲ್ಲಕಿಲ್ಲ."

ರೈಲು ಕೂಗಿತು. ಚೀಲ ಎತ್ತಿಕೊಂಡೆ.

"ಸಂಜೆಗೆ ಇನ್ನೊಂದ್ ಗಾಡಿ ಐತೆ," ಎಂದ, ನನ್ನ ಮುಖ ನೋಡದೆ. "ಒಸಿ ಬಕೆಟ್ ನೋಡ್ಕಳಿ, ಮಗೀನ ಮೊಕ ನೋಡ್ಕೊಂಡ್ ಬಂದ್ಬುಡ್ತೀನಿ."

ರೈಲು ಹೋಯಿತು, ನಿಲ್ದಾಣದಲ್ಲಿ ಯಾರೂ ಉಳಿದಿಲ್ಲ. ಎರಡನೆಯ ಬಕೆಟ್ಟು ಇಟ್ಟು ಕೂತಿದ್ದೇನೆ.