ಹದಿನಾರನೇ ಒಂದು ಪಾಲು

ಆ ಬೆಕ್ಕಿನ ಬಗ್ಗೆ ನಾನು ಧೈರ್ಯವಾಗಿ ಹೇಳಬಹುದಾದದ್ದು ಅದರ ತೂಕ ಒಂದೇ. ಆರೂವರೆ ಪೌಂಡು. ಮಿಕ್ಕಿದ್ದರಲ್ಲಿ ನಿಜವಾಗಿ ನಡೆದದ್ದು ಯಾವುದು, ನಾನು ಹೇಳಿ ಹೇಳಿ ನಡೆದಂತೆ ಆಗಿರುವುದು ಯಾವುದು ಎಂದು ಈಗ ಬೇರ್ಪಡಿಸಲಾರೆ. ಅದು ಬೂದಿ ಬಣ್ಣದ ಬೆಕ್ಕು ಎಂದು ನಾನು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಅಮ್ಮ ಒಮ್ಮೆ ಅದನ್ನು ಕೇಳಿಸಿಕೊಂಡು, "ಬೂದಿ ಎಲ್ಲೋ? ಒಲೆ ಪಕ್ಕ ಬಿದ್ಕೊಂಡು ಬೂದಿ ಹತ್ಕೊಂಡಿತ್ತು ಅಷ್ಟೆ. ಅದು ಬಿಳೀದು" ಎಂದು ನಕ್ಕಳು.

ಅದು ಗುಬ್ಬಿಯ ನಮ್ಮ ಮನೆಯ ಅಟ್ಟದ ಬೆಕ್ಕು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹರಡಿ ಹೆಚ್ಚುಕಡಿಮೆ ವರ್ಷ ತುಂಬುವ ತನಕ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿ ಕೊಬ್ಬರಿಯಾಗುತ್ತದೆ. ಅಷ್ಟು ದಿನವೂ ಇಲಿ ಬರದಂತೆ ನೋಡಿಕೊಳ್ಳಲು ಬೆಕ್ಕು ಬೇಕು. ಮೇಲೆ ಕಾಯಿಗಳು ಉರುಳಿದ ಸದ್ದಾದರೆ ಅಪ್ಪ ಊಟದ ಎಲೆಯಿಂದ ತಲೆಯೆತ್ತದೆ, "ಕೆಲಸ ನಡೀತಿದೆ" ಎನ್ನುತ್ತಿದ್ದರು. ಬೆಕ್ಕಿಗೆ ಹೆಸರಿರಲಿಲ್ಲ. ಅಮ್ಮ "ಬಾರೇ" ಎಂದರೆ ಏಣಿಯ ಹಂಗಿಲ್ಲದೆ ಅಟ್ಟದಿಂದ ನೇರ ನೆಲಕ್ಕೆ ಧುಮುಕುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ತೋಟ, ಮನೆ ಎಲ್ಲ ಅಣ್ಣ ನೋಡಿಕೊಂಡ. ನಾನು ಮೈಸೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ ತುಮಕೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾದೆ. ಐವತ್ತರ ದಶಕದ ನಡುವಿನ ವರ್ಷಗಳು. ಮದುವೆಯಾಗಿರಲಿಲ್ಲ. ಅಡಿಗೆ ಮಾಡಿ ಹಾಕಲು ಅಮ್ಮ ಬಂದಳು, ಅವಳ ಜೊತೆ ಬೆಕ್ಕೂ ಬಂತು. ದಾರಿ ನೋಡಿಕೊಂಡರೆ ವಾಪಸು ಹೋಗಿಬಿಡುತ್ತದೆಂದು ಅದನ್ನು ಕುಕ್ಕೆಯಲ್ಲಿ ಕೂಡಿಸಿ ಮೇಲೆ ಹಳೆಯ ಸೀರೆ ಕಟ್ಟಿ ರೈಲಿನಲ್ಲಿ ತಂದಿದ್ದಳು. ಅದರ ಅಗತ್ಯವಿರಲಿಲ್ಲ. ವಾಪಸು ಹೋಗುವ ಕಾಲು ಅದಕ್ಕೆ ಆಗಲೇ ಇರಲಿಲ್ಲ. ಅಮ್ಮನ ಲೆಕ್ಕದಲ್ಲಿ ಅದಕ್ಕೆ ಹದಿಮೂರು ವರ್ಷವಾಗಿತ್ತು.

ಹಿಂಗಾಲು ಎರಡೂ ಬಿಗಿದುಕೊಂಡಿದ್ದವು. ಬೆಳಿಗ್ಗೆ ಎದ್ದಾಗ ಹತ್ತು ಹೆಜ್ಜೆ ಕುಂಟುತ್ತಿತ್ತು, ಆಮೇಲೆ ಸ್ವಲ್ಪ ಸಡಿಲವಾಗುತ್ತಿತ್ತು. ಜಗಲಿಯ ಕೆಳಗೆ ನಿಂತು ಮೇಲೆ ನೋಡುತ್ತಿತ್ತು, ಹಿಂಭಾಗ ತಗ್ಗಿಸಿ ನೆಗೆಯಲು ಹವಣಿಸುತ್ತಿತ್ತು, ಮತ್ತೆ ಏನೋ ಬೇರೆ ಕೆಲಸವಿದ್ದಂತೆ ಆ ಕಡೆ ತಿರುಗಿ ಕೂರುತ್ತಿತ್ತು. ಬೆನ್ನಿನ ತುದಿಗೆ ನಾಲಿಗೆ ಎಟುಕದೆ ಅಲ್ಲಿಯ ಕೂದಲು ಗಂಟು ಕಟ್ಟಿತ್ತು.

ಅಮ್ಮ ಇದಕ್ಕೆಲ್ಲ ಒಂದೊಂದು ಉಪಾಯ ಮಾಡಿದಳು. ಜಗಲಿಯ ಪಕ್ಕ ಊಟದ ಮಣೆಗಳನ್ನು ಒಂದರ ಮೇಲೊಂದು ಇಟ್ಟು ಮೆಟ್ಟಿಲು ಮಾಡಿದಳು. ಬಚ್ಚಲಿನ ಹೊಸ್ತಿಲು ಎತ್ತರವೆಂದು ಆಚೆ ಒಂದು ಈಚೆ ಒಂದು ಇಟ್ಟಿಗೆ ಇಟ್ಟಳು. ಹಂಡೆಯ ಒಲೆ ಆರಿದ ಮೇಲೂ ಬೆಚ್ಚಗಿರುವ ಮೂಲೆಯಲ್ಲಿ ಗೋಣಿಚೀಲ ಮಡಚಿ ಹಾಸಿದಳು. ತನ್ನ ಹಳೆಯ ಬಾಚಣಿಗೆಯಲ್ಲಿ ಅದರ ಬೆನ್ನು ಬಾಚುತ್ತಿದ್ದಳು. ಸಾಯಂಕಾಲ ಎಕ್ಕದ ಎಲೆಯ ಹಾಲು ಒರೆಸಿ, ಹರಳೆಣ್ಣೆ ಸವರಿ, ಕಾವಲಿಯ ಮೇಲೆ ಬಾಡಿಸಿ, ಮೊದಲು ತನ್ನ ಮಂಡಿಗೆ ಇಟ್ಟುಕೊಳ್ಳುತ್ತಿದ್ದಳು. ಅದರ ಬಿಸಿ ಹದಕ್ಕೆ ಬಂದ ಮೇಲೆ ಬಟ್ಟೆಯಲ್ಲಿ ಸುತ್ತಿ ಬೆಕ್ಕಿನ ಸೊಂಟಕ್ಕೆ. ಇಬ್ಬರದೂ ಒಂದೇ ನೋವು ಎಂದು ಅವಳ ನಂಬಿಕೆ.

ಪಕ್ಕದ ಮನೆಯಲ್ಲಿದ್ದ ನಮ್ಮ ಮನೆಯೊಡತಿ ಗೋಡೆಯ ಮೇಲಿಂದ ಇಣುಕಿ, "ಏನಮ್ಮಾ, ನಿಮ್ಮನೇಲಿ ಬೆಕ್ಕಿಗ್ ಬಾಣಂತನ ನಡೀತಿದ್ಯಾ?" ಎಂದು ಕೇಳಿದ್ದು ನನಗೆ ಸರಿಯಾಗಿ ನೆನಪಿದೆ. ಅಥವಾ ಅಮ್ಮ ಅದನ್ನು ಎಷ್ಟೋ ಸಲ ಹೇಳಿ ನಕ್ಕದ್ದು ನೆನಪಿದೆ.

ನನಗೆ ಎಕ್ಕದ ಎಲೆ ಸರಿಬರಲಿಲ್ಲ. ಆಗ ನನಗೆ ಇಪ್ಪತ್ತನಾಲ್ಕು ವಯಸ್ಸು. ಪುರಾವೆಯಿಲ್ಲದ್ದು ಏನೇ ಕಂಡರೂ ಮೈಯೆಲ್ಲ ಉರಿಯುತ್ತಿತ್ತು. ಕೆಲಸ ಮಾಡುವುದು ಬಿಸಿ, ಎಲೆಯಲ್ಲ ಎಂದೆ. ಒಂದು ಕಾಲಿಗೆ ಎಲೆ ಇಡು, ಇನ್ನೊಂದಕ್ಕೆ ಬರೀ ಬಿಸಿ ಬಟ್ಟೆ ಇಡು, ಎಂಟು ದಿನ ನೋಡೋಣ ಎಂದೆ.

"ನೋವಿರೋದು ಅದರ ಕಾಲಿಗೋ, ನಿನ್ನ ಪರೀಕ್ಷೆಗೋ?" ಎಂದಳು ಅಮ್ಮ.

ಕೊನೆಗೆ ನಾನೇ ಒಂದು ಚಿಕಿತ್ಸೆ ಕಂಡುಹಿಡಿದೆ. ಮನುಷ್ಯರ ಕೀಲುನೋವಿಗೆ ಆಸ್ಪಿರಿನ್ ಕೊಡುತ್ತಾರೆ. ಬೆಕ್ಕಿನ ಕೀಲೂ ಕೀಲೇ. ಉಳಿದದ್ದು ಪ್ರಮಾಣದ ಪ್ರಶ್ನೆ, ಪ್ರಮಾಣ ನನ್ನ ವಿಷಯ. ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಬೀದಿಯ ದಿನಸಿ ಅಂಗಡಿಗೆ ಹೋದೆ. ಅಂಗಡಿಯವನು ತಕ್ಕಡಿ ಎತ್ತಿ ಹಿಡಿದು, "ಏನ್ ಮೇಷ್ಟ್ರೇ, ಬಾಲ ಸೇರ್ಸಿ ತೂಗ್ಲಾ, ಬಿಟ್ಟು ತೂಗ್ಲಾ?" ಎಂದ. ಚೀಲದ ತೂಕ ಕಳೆದರೆ ಆರೂವರೆ ಪೌಂಡು. ಅಲ್ಲಿಂದ ರೈಲ್ವೆ ಸ್ಟೇಷನ್ನಿಗೆ ಹೋಗಿ, ಸಾಮಾನು ತೂಗುವ ಯಂತ್ರದ ಮೇಲೆ ನಾನೇ ನಿಂತೆ. ನೂರಾ ನಾಲ್ಕು. ಅಷ್ಟು ಬಡಕಲಾಗಿದ್ದೆ. ಭಾಗಿಸಿದರೆ ಶೇಷವಿಲ್ಲದೆ ಹದಿನಾರು ಬಂತು. ನಾನು ಒಂದು ರೂಪಾಯಿಯಾದರೆ ಬೆಕ್ಕು ಒಂದಾಣೆ. ಲೆಕ್ಕ ಇಷ್ಟು ಚೆನ್ನಾಗಿ ಬಂದದ್ದರಿಂದಲೇ ಅದು ನಿಜವಿರಬೇಕು ಎನ್ನಿಸಿತು.

ಸ್ಕೂಲು ಬಿಟ್ಟ ಮೇಲೆ ಲ್ಯಾಬೊರೇಟರಿಯಲ್ಲಿ ಕೂತು ಮೂರು ಮಾತ್ರೆಗಳನ್ನು ಅರೆದು, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ, ಉಸಿರು ತಾಗಿದರೂ ಮುಳ್ಳು ಅಲ್ಲಾಡುವ ಆ ತಕ್ಕಡಿಯಲ್ಲಿ, ಒಂದೊಂದು ಮಾತ್ರೆಯ ಹದಿನಾರು ಪಾಲು ಮಾಡಿದೆ. ಹುಡುಗರ ಹಳೆಯ ಉತ್ತರ ಪತ್ರಿಕೆ ಕತ್ತರಿಸಿ ನಲವತ್ತೆಂಟು ಪೊಟ್ಟಣ ಕಟ್ಟಿದೆ. ದಿನಕ್ಕೆ ಮೂರರಂತೆ ಹದಿನಾರು ದಿನ. ಬೆಳಗಿನದನ್ನು ಬೆಣ್ಣೆಯಲ್ಲಿ ಕಲಸಿ ನಾನೇ ಅದರ ನಾಲಿಗೆಗೆ ಹಚ್ಚುತ್ತಿದ್ದೆ. ಮಧ್ಯಾಹ್ನದ್ದು, ಸಾಯಂಕಾಲದ್ದು ಅಮ್ಮನ ಪಾಲಿಗೆ. ಅಮ್ಮ ಪೊಟ್ಟಣಗಳ ಡಬ್ಬಿಯನ್ನು ತೆಗೆದುಕೊಂಡು ಉಪ್ಪಿನ ಮರಿಗೆಯ ಪಕ್ಕದಲ್ಲಿಟ್ಟಳು.

ಐದನೆಯ ದಿನವೋ ಆರನೆಯ ದಿನವೋ ನಾನು ಸ್ಕೂಲಿನಿಂದ ಬಂದಾಗ ಬೆಕ್ಕು ಜಗಲಿಯ ಮೇಲಿತ್ತು. ಮಣೆಗಳನ್ನು ಅಮ್ಮ ಸಾರಿಸಲೆಂದು ಎತ್ತಿ ಗೋಡೆಗೆ ಒರಗಿಸಿದ್ದಳು. ಅಂದರೆ ತಾನೇ ನೆಗೆದಿತ್ತು. ನೆಗೆಯುವುದನ್ನು ನಾನು ನೋಡಲಿಲ್ಲ. ಆದರೆ ಮುಂದೆ ಈ ಕಥೆ ಹೇಳುವಾಗೆಲ್ಲ ನೋಡಿದೆನೆಂದೇ ಹೇಳಿದೆ. ಈಗ ಕಣ್ಣು ಮುಚ್ಚಿದರೆ ಅದು ನೆಗೆಯುವುದು ಕಾಣುತ್ತದೆ ಕೂಡ. "ನೋಡಿದ್ಯಾ?" ಎಂದು ಅಮ್ಮನ ಮುಂದೆ ಬೀಗಿದೆ. "ಹೂಂ, ನೋಡ್ದೆ" ಎಂದಳು.

ಎರಡನೆಯ ವಾರ ಅದು ಹಾಲು ಬಿಟ್ಟಿತು. ಒಂದೆರಡು ಸಲ ಕಾಫಿಗಸಿಯಂಥದ್ದನ್ನು ಕಾರಿಕೊಂಡಿತು. ಜಗಲಿ ಬಿಟ್ಟು ಒಲೆಯ ಮೂಲೆ ಹಿಡಿಯಿತು. ವಯಸ್ಸಾಯಿತು ಎಂದುಕೊಂಡೆ. ಅಮ್ಮ ಆಗ ಒಂದು ಮಾತು ಹೇಳಿದಳು, ಅಥವಾ ಹೇಳಿದಳೆಂದು ನನಗೆ ಆಮೇಲೆ ತೋರಿತು: "ಆ ಪುಡಿ ಸಾಕು ಬಿಡೋ, ಅದಕ್ಯಾಕೋ ಆಗ್ತಿಲ್ಲ." ನಾನು, ಔಷಧಿಯನ್ನು ನಡುವೆ ನಿಲ್ಲಿಸಬಾರದು, ಪೂರ್ತಿ ಮಾಡಬೇಕು ಎಂದೆ. ಇದು ಮಾತ್ರ ಹೇಳಿದ್ದೇನೆ. ನನ್ನ ದನಿಯೇ ನನಗೆ ಕೇಳಿಸುತ್ತದೆ, ತರಗತಿಯಲ್ಲಿ ಮಾತಾಡುವ ದನಿ.

ಹದಿನಾರು ದಿನ ತುಂಬಿತೋ ಇಲ್ಲವೋ ತಿಳಿಯದು. ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದರೆ ಅದು ಗೋಣಿಚೀಲದ ಮೇಲೆ ಕಾಲು ನೀಡಿಕೊಂಡು ಮಲಗಿತ್ತು. ಅಷ್ಟು ದಿನ ಮಡಚಿಯೇ ಇರುತ್ತಿದ್ದ ಹಿಂಗಾಲುಗಳು ನೇರವಾಗಿದ್ದವು. ಒಂದು ಕ್ಷಣ ವಾಸಿಯಾಯಿತು ಎಂದುಕೊಂಡೆ. ಹಿತ್ತಲಿನ ನುಗ್ಗೆಮರದ ಕೆಳಗೆ ಗುಂಡಿ ತೆಗೆದೆ. ಅಮ್ಮ ಬಾಚಣಿಗೆ ತಂದು ಅದರ ಬೆನ್ನನ್ನು ಕೊನೆಯ ಸಲ ಬಾಚಿದಳು. ಮಣೆಗಳು ಊಟಕ್ಕೆ ವಾಪಸು ಬಂದವು. ಇಟ್ಟಿಗೆಗಳನ್ನು ಮಾತ್ರ ಅವಳು ತೆಗೆಯಲಿಲ್ಲ. ನಾನು ಎಷ್ಟೋ ಸಲ ಅವನ್ನು ಎಡವಿದ್ದೇನೆ.

ಕೆಲವು ವರ್ಷಗಳ ಮೇಲೆ ನನಗೆ ಕುಣಿಗಲ್ಲಿಗೆ ವರ್ಗವಾಯಿತು. ಅಷ್ಟರಲ್ಲಿ ಅಮ್ಮನಿಗೆ ಮಂಡಿ ಪೂರಾ ಕೂತುಹೋಗಿ ಗುಬ್ಬಿಯ ಅಣ್ಣನ ಮನೆ ಸೇರಿದ್ದಳು. ಕುಣಿಗಲ್ಲಿನ ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಪಶುವೈದ್ಯರಿದ್ದರು. ಕುದುರೆಯ ಕಾಲು ನೋಡುವುದರಲ್ಲಿ ಎತ್ತಿದ ಕೈ. ಸಂಜೆ ಇಬ್ಬರೂ ಕೆರೆ ಏರಿಯ ಮೇಲೆ ತಿರುಗಾಡಲು ಹೋಗುತ್ತಿದ್ದೆವು. ಒಂದು ಸಂಜೆ ಅವರನ್ನು ನಗಿಸಲೆಂದು ಬೆಕ್ಕಿನ ಕಥೆ ತೆಗೆದೆ. ದಿನಸಿ ಅಂಗಡಿ, ಬಾಲ, ಸ್ಟೇಷನ್ನಿನ ತೂಕ, ರೂಪಾಯಿಗೆ ಆಣೆ. ಎಲ್ಲರೂ ನಗುತ್ತಿದ್ದ ಜಾಗಗಳಲ್ಲಿ ಅವರೂ ನಕ್ಕರು. ಪೊಟ್ಟಣಕ್ಕೆ ಬಂದಾಗ ನಡಿಗೆ ನಿಲ್ಲಿಸಿದರು.

"ಎಷ್ಟು ದಿನ ಕೊಟ್ರಿ?"

ಹೇಳಿದೆ.

"ದಿನಕ್ಕೆ ಮೂರು ಸಲಾನಾ?"

"ಹೌದು. ಲೆಕ್ಕ ಹಾಕೇ ಕೊಟ್ಟಿದ್ದೆ."

"ಊಟ ಬಿಡ್ತಾ? ಕಪ್ಪಗೆ ಕಾರ್ಕೊಳ್ತಾ?"

ಹೌದೆಂದು ತಲೆಯಾಡಿಸಿದೆ. ಅವರು ನೀರಿನ ಕಡೆ ತಿರುಗಿ ನಿಧಾನವಾಗಿ ಹೇಳಿದರು: "ನಿಮ್ ಲೆಕ್ಕ ತಪ್ಪಿಲ್ಲ ಮೇಷ್ಟ್ರೇ. ಆದರೆ ಬೆಕ್ಕು ಚಿಕ್ಕ ಮನುಷ್ಯ ಅಲ್ಲ. ನಮ್ ಮೈಯಿಂದ ಆ ಔಷಧಿ ಬೇಗ ಹೋಗ್ಬಿಡುತ್ತೆ. ಅದರ ಮೈಯಿಂದ ಹೋಗಲ್ಲ. ಬೆಳಿಗ್ಗೇದು ಇನ್ನೂ ಒಳಗಿರುತ್ತೆ, ಅದರ ಮೇಲೆ ಮಧ್ಯಾಹ್ನದ್ದು, ಅದರ ಮೇಲೆ ಸಾಯಂಕಾಲದ್ದು." ಮತ್ತೆ ನಡೆಯತೊಡಗಿ, "ವಯಸ್ಸೂ ಆಗಿತ್ತು ಅಂದ್ರಲ್ಲ" ಎಂದು ಸೇರಿಸಿದರು. ಒಳ್ಳೆಯ ಮನುಷ್ಯ.

ಆ ಭಾನುವಾರವೇ ಬಸ್ಸು ಹಿಡಿದು ತುಮಕೂರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಗುಬ್ಬಿಗೆ ಹೋದೆ. ಬೆಕ್ಕನ್ನು ಕುಕ್ಕೆಯಲ್ಲಿ ತಂದದ್ದೂ ಇದೇ ರೈಲಿನಲ್ಲಿ. ಬರುವಾಗ ಅದು ಕೂಗಿತೇ, ಸುಮ್ಮನಿತ್ತೇ ಎಂದು ನೆನೆಯಲು ನೋಡಿದೆ. ಆಗಲಿಲ್ಲ.

ಅಮ್ಮ ನಡುಮನೆಯಲ್ಲಿ ಕಾಲು ನೀಡಿ ಕೂತಿದ್ದಳು. ತಲೆಯ ಮೇಲಿನ ಅಟ್ಟದಲ್ಲಿ ಆ ವರ್ಷದ ಕಾಯಿ ಇತ್ತು. ಇವಳಿಗೆ ಹೇಳಬೇಕೇ, ಬೇಡವೇ ಎಂದು ದಾರಿಯುದ್ದಕ್ಕೂ ಯೋಚಿಸಿದ್ದವನು ಕಾಫಿ ಮುಗಿಯುವ ಮೊದಲೇ ಹೇಳಿಬಿಟ್ಟೆ. ನಿನ್ನ ಬೆಕ್ಕನ್ನು ನಾನೇ ಕೊಂದೆ ಅಮ್ಮ ಎಂದೆ.

"ಇದನ್ ಹೇಳೋಕ್ ಅಷ್ಟ್ ದೂರದಿಂದ ಬಂದ್ಯಾ?" ಎಂದಳು. ಮಂಡಿ ಉಜ್ಜಿಕೊಂಡಳು. "ಆ ಪುಡೀನ ನಾನ್ ಯಾವತ್ ಹಾಕ್ದೆ? ಮಧ್ಯಾಹ್ನದ್ದೂ ಸಾಯಂಕಾಲದ್ದೂ ಪೊಟ್ಟಣಾನೇ ಬಿಚ್ತಿರ್ಲಿಲ್ಲ. ಹಂಡೆ ಒಲೇಗ್ ಎಸೀತಿದ್ದೆ. ನೀನ್ ಬೆಳಿಗ್ಗೆ ಹಚ್ತಿದ್ದದ್ದ್ರಲ್ಲೂ ಅರ್ಧ ಉಗುಳ್ತಿತ್ತು."

"ಹಾಗಾದ್ರೆ ಜಗಲಿ ಹತ್ತಿದ್ದು?"

"ಎಕ್ಕದೆಲೆ ಕಣೋ" ಎಂದು ನಕ್ಕಳು. ಆಮೇಲೆ, "ಅದರ ಆಯಸ್ಸು ಅಷ್ಟೇ ಇತ್ತು. ನಿನ್ ಕೈಯಲ್ಲಿ ಏನೂ ಆಗಿಲ್ಲ" ಎಂದಳು.

"ಯಾಕೆ ಆಗ್ಲೇ ಹೇಳ್ಲಿಲ್ಲ?"

"ಓದಿದ್ ಮಗ. ಹೇಳಿದ್ರೆ ಕೇಳ್ತಿದ್ಯಾ?"

ಕೋಪದಿಂದ ಹೇಳಲಿಲ್ಲ. ಹೊರಗೆ ಬಿಸಿಲು ಎನ್ನುವಂತೆ ಹೇಳಿದಳು. ಪಶುವೈದ್ಯರ ಮಾತಿಗಿಂತ ಇದು ಹೆಚ್ಚು ನಾಟಿತು. ಅವಳ ಮಾತು ನಿಜವಾಗಿದ್ದರೆ ಹದಿನಾರು ದಿನವೂ ನನ್ನ ಮನೆಯಲ್ಲಿ ನನ್ನ ತಾಯಿ ನನಗೆ ಹೆದರಿ ಪೊಟ್ಟಣ ಸುಟ್ಟಿದ್ದಳು. ಸುಳ್ಳಾಗಿದ್ದರೆ, ತನ್ನ ಕೈಯಾರೆ ತನ್ನ ಬೆಕ್ಕಿಗೆ ವಿಷ ಹಾಕಿದ್ದು ಆ ಗಳಿಗೆಯಲ್ಲಿ ತಿಳಿದ ಮೇಲೂ ಅವಳಿಗೆ ಮೊದಲು ನೆನಪಾದವನು ನಾನು.

ಯಾವುದೆಂದು ತೀರ್ಮಾನಿಸಲು ನನ್ನಲ್ಲಿರುವುದು ಒಂದೇ ನೆನಪು. ಒಂದು ಸಂಜೆ ನಾನು ಬೇಗ ಬಂದಿದ್ದೆ. ಅಮ್ಮ ಹಿತ್ತಲ ಬಾಗಿಲಲ್ಲಿ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನ ತುದಿಯಿಂದ ಅದರ ಬಾಯಿ ಒರೆಸುತ್ತಿದ್ದಳು. ಒರೆಸಿದ್ದು ಬೆಣ್ಣೆಯನ್ನೇ, ಹಾಲನ್ನೇ? ಬೆಣ್ಣೆಯಾದರೆ ಅದರಲ್ಲಿ ಪುಡಿ ಇತ್ತು. ಸೆರಗಿನ ಬಣ್ಣ ಕಾಣುತ್ತದೆ, ಬೆಕ್ಕಿನ ಅರ್ಧ ಮುಚ್ಚಿದ ಕಣ್ಣು ಕಾಣುತ್ತದೆ, ಅದು ಮಾತ್ರ ಕಾಣುವುದಿಲ್ಲ. ಡಬ್ಬಿಯಿಂದಲೂ ಏನೂ ತಿಳಿಯುವಂತಿರಲಿಲ್ಲ. ಕೊಟ್ಟರೂ ಡಬ್ಬಿ ಖಾಲಿಯಾಗುತ್ತದೆ, ಸುಟ್ಟರೂ ಖಾಲಿಯಾಗುತ್ತದೆ.

ಆ ಮಧ್ಯಾಹ್ನ ನಾನು ಬೇಲಿಯ ಪಕ್ಕದಿಂದ ಎಕ್ಕದ ಎಲೆ ಕಿತ್ತು ತಂದೆ. ಹಾಲು ಒರೆಸಿ, ಹರಳೆಣ್ಣೆ ಸವರಿ, ಕಾವಲಿಯ ಮೇಲೆ ಇಟ್ಟೆ. ಮೊದಲನೆಯದು ಸುಟ್ಟುಹೋಯಿತು. ಅಮ್ಮ ಕೂತಲ್ಲಿಂದಲೇ, "ಬಾಡಿದ್ರೆ ಸಾಕು, ತೆಗಿ" ಎಂದು ಹೇಳಿದಳು. ಎರಡನೆಯದು ಸರಿಯಾಯಿತು. ಅವಳ ಎಡಮಂಡಿಗೆ ಇಟ್ಟು ಮೇಲೆ ಅಂಗೈ ಒತ್ತಿಕೊಂಡು ಕೂತೆ. ಆರಿದ ಮೇಲೆ ಬಲಮಂಡಿಗೆ ಇನ್ನೊಂದು.

"ಹೆಂಗಿದೆ?" ಎಂದು ಅವಳೇ ಕೇಳಿದಳು, ನಗುತ್ತ. ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಬಾಯಿಗೆ ಬಂದರೂ ಕೇಳಲಿಲ್ಲ. ಕೇಳಿದ್ದರೆ, ವಾಸಿ ಕಣೋ ಎನ್ನುತ್ತಿದ್ದಳು.